ಬ್ಯಾಂಕ್ ಮ್ಯಾನೇಜರ್‌ಗೆ ಜಾಮೀನು ಸಿಕ್ಕಿತು, ಅಪ್ಪನಿಗೆ ಏನು ಹೇಳಲಿ?

ಮತ್ತಿಕೆರೆ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ಸಹಕಾರಿ ಬ್ಯಾಂಕಿನ ಹಣ ದುರುಪಯೋಗದ ಕೇಸಿನಲ್ಲಿ ಒಳಗಿದ್ದ ಮಾಜಿ ಮ್ಯಾನೇಜರ್‌ಗೆ ಮೊನ್ನೆ ಮಂಗಳವಾರ ಜಾಮೀನು ಸಿಕ್ಕಿತು. ಕೇಸು ನಡೆಯುತ್ತಿರುವುದರಿಂದ ಬ್ಯಾಂಕಿನ ಹೆಸರು, ಅವರ ಹೆಸರು ಬರೆಯುವುದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ದುಡಿದು ಸ್ವಯಂ ನಿವೃತ್ತಿ ತೆಗೆದುಕೊಂಡವರು. ಬಂದ ದುಡ್ಡಿನಲ್ಲಿ 14 ಲಕ್ಷ ಈ ಬ್ಯಾಂಕಿನಲ್ಲಿ ಮೂರು ಎಫ್‌ಡಿ ಮಾಡಿಟ್ಟಿದ್ದರು. ಅಮ್ಮನ ಹೆಸರಿನಲ್ಲಿ ಇನ್ನೊಂದು 3 ಲಕ್ಷ. ದೊಡ್ಡ ಬ್ಯಾಂಕಿಗಿಂತ ಬಡ್ಡಿ ಜಾಸ್ತಿ, ಹಿರಿಯ ನಾಗರಿಕರಿಗೆ ಅದರ ಮೇಲೆ ಅರ್ಧ ಪರ್ಸೆಂಟ್. ಆದರೆ ಅಪ್ಪ ಅಲ್ಲಿ ಇಟ್ಟಿದ್ದು ಬಡ್ಡಿಗಷ್ಟೇ ಅಲ್ಲ. ಒಳಗೆ ಹೋದರೆ ಮ್ಯಾನೇಜರ್ ಎದ್ದು ನಿಂತು 'ಬನ್ನಿ ಯಜಮಾನ್ರೇ' ಅನ್ನುತ್ತಿದ್ದರು. ಪ್ರತಿ ವರ್ಷ ಬ್ಯಾಂಕಿನ ಕ್ಯಾಲೆಂಡರನ್ನು ತಾವೇ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಡುತ್ತಿದ್ದರು. ಕೊನೆಗೆ ಕೊಟ್ಟ ಕ್ಯಾಲೆಂಡರ್ ನಮ್ಮ ಅಡುಗೆಮನೆಯಲ್ಲಿ ಇನ್ನೂ ನೇತಾಡುತ್ತಿದೆ. ಅದರಲ್ಲಿ ಅಮ್ಮ ಹಾಲಿನ ಲೆಕ್ಕ ಬರೆದಿದ್ದಾರೆ. ಡಿಸೆಂಬರ್ ಹಾಳೆ ಹಾಗೇ ಇದೆ.

ಆರ್‌ಬಿಐ ನಿರ್ಬಂಧ ಬಂದಮೇಲೆ ಠೇವಣಿ ವಿಮೆಯಿಂದ ಅಪ್ಪನಿಗೆ 5 ಲಕ್ಷ ಬಂತು, ಅಮ್ಮನ ದುಡ್ಡು ಪೂರ್ತಿ ಬಂತು. ಅಪ್ಪನ ಅಸಲಿನಲ್ಲೇ 9 ಲಕ್ಷ ಬಾಕಿ.

ಮಂಗಳವಾರ ನಾನು ರಜೆ ಹಾಕಿ ಅಪ್ಪನ ಜೊತೆ ಸಿಟಿ ಸಿವಿಲ್ ಕೋರ್ಟಿಗೆ ಹೋಗಿದ್ದೆ. ಎಫ್‌ಡಿ ರಸೀದಿಗಳನ್ನು ತೊಳೆದು ಒಣಗಿಸಿದ ನಂದಿನಿ ಹಾಲಿನ ಕವರಿನಲ್ಲಿ ಮಡಚಿಟ್ಟುಕೊಂಡು ಬಂದಿದ್ದರು. ಯಾರೂ ಕೇಳಲಿಲ್ಲ. ಬೆಂಚ್ ಕ್ಲರ್ಕ್ ಕೇಸ್ ನಂಬರ್ ಕೂಗಿದರು, ಜಡ್ಜ್ ಎರಡು ಸಾಲು ಹೇಳಿದರು, ಮುಂದಿನ ನಂಬರ್ ಕೂಗಿದರು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. 'ಏನಂತೆ?' ಅಂದರು. ನಾನು ಹೇಳುವ ಮೊದಲೇ ಹೊರಗೆ ಕಾರಿಡಾರಿನಲ್ಲಿ ಮ್ಯಾನೇಜರ್ ಹೆಂಡತಿ ಗೋಡೆಗೆ ಒರಗಿ ಅಳುತ್ತಿದ್ದುದನ್ನು ನೋಡಿ ಅವರಿಗೇ ಅರ್ಥವಾಯಿತು. ಮನೆಗೆ ಬರುವವರೆಗೂ ಒಂದು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದರು, 'ಹಾಗಾದ್ರೆ ಅವನು ಏನೂ ಮಾಡಿಲ್ಲ ಅಂತ ಆಯ್ತಾ?'

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರುವವರು ಹೇಳಿ. ಜಾಮೀನು ಸಿಕ್ಕಿದರೆ ನಮ್ಮ ದುಡ್ಡಿನ ಕಥೆ ಮುಗಿದ ಹಾಗಾ? ನಾವು ಈಗ ಮಾಡುವುದು ಏನಾದರೂ ಇದೆಯಾ?

ಕೆಂಗೇರಿ ಉಪನಗರ:
ಅಕ್ಕ, ಓದಿ ಹೊಟ್ಟೆ ಉರಿಯಿತು. ನಮ್ಮತ್ತೆಯದೂ ಇದೇ ಕಥೆ, ಬೇರೆ ಸೊಸೈಟಿ. ಬಸ್ಸಿನಲ್ಲಿ ಪರ್ಸ್ ಕದ್ದವನು ಶ್ಯೂರಿಟಿ ಕೊಡುವವರಿಲ್ಲದೆ ವರ್ಷಗಟ್ಟಲೆ ಪರಪ್ಪನ ಅಗ್ರಹಾರದಲ್ಲಿ ಕೊಳೆಯುತ್ತಾನೆ. ಕೋಟಿಗಟ್ಟಲೆ ನುಂಗಿದ ಆರೋಪ ಇರುವವರು ದೊಡ್ಡ ವಕೀಲರನ್ನು ಇಟ್ಟು ಮನೆಗೆ ಹೋಗುತ್ತಾರೆ. ದುಡ್ಡು ಪೂರ್ತಿ ಕಟ್ಟುವ ತನಕ ಬಿಡಬಾರದಿತ್ತು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ?

ಸಿವಿಲ್ ಕೋರ್ಟ್ ವಕೀಲ:
ಮೇಡಂ, ನಾನು ಇಪ್ಪತ್ತು ವರ್ಷದಿಂದ ಅದೇ ಕಾರಿಡಾರಿನಲ್ಲಿ ಓಡಾಡುವವನು. ನಿಮ್ಮ ತಂದೆಯವರ ಪ್ರಶ್ನೆಗೆ ಮೊದಲು ಉತ್ತರ. ಇಲ್ಲ, ಅವರು ಏನೂ ಮಾಡಿಲ್ಲ ಅಂತ ಆಗಿಲ್ಲ. ತಪ್ಪು ಮಾಡಿದ್ದಾರೋ ಇಲ್ಲವೋ ಅನ್ನುವುದು ಸಾಕ್ಷಿ ವಿಚಾರಣೆ ಆದಮೇಲೆ ತೀರ್ಮಾನ ಆಗುವ ವಿಷಯ. ಜಾಮೀನಿನಲ್ಲಿ ಜಡ್ಜ್ ನೋಡುವುದು ಬೇರೆ. ಹೊರಗೆ ಬಿಟ್ಟರೆ ಓಡಿಹೋಗುತ್ತಾರಾ, ಸಾಕ್ಷಿ ಕೆಡಿಸುತ್ತಾರಾ, ಕರೆದಾಗ ಬರುತ್ತಾರಾ, ಮೇಲ್ನೋಟಕ್ಕೆ ಆರೋಪ ಎಷ್ಟು ಗಟ್ಟಿ ಇದೆ, ಶಿಕ್ಷೆ ಎಷ್ಟು ದೊಡ್ಡದು. ಇಷ್ಟನ್ನು ತೂಗಿ ನೋಡಿ ಆದೇಶ ಮಾಡುತ್ತಾರೆ. ಆದೇಶದ ಕೊನೆಯಲ್ಲಿ 'ಈ ಮಾತುಗಳು ಮುಖ್ಯ ವಿಚಾರಣೆಗೆ ಅಡ್ಡ ಬರುವುದಿಲ್ಲ' ಅನ್ನುವ ಅರ್ಥದ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ. ಅದನ್ನು ಹುಡುಕಿ ಅಪ್ಪನಿಗೆ ಓದಿ ಹೇಳಿ.

ಈಗ ನೀವು ನನಗೆ ಹೇಳಬೇಕಾದ್ದು: ಅದು ಯಾವ ಜಾಮೀನು? ಬ್ಯಾಂಕ್ ನೌಕರನ ಮೇಲೆ ನಂಬಿಕೆ ದ್ರೋಹದ ಕೇಸು ಅಂದರೆ ಹಳೆಯ ಐಪಿಸಿಯಲ್ಲಿ ಕಲಂ 409. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 316(5). ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಅಂಥ ಕೇಸಿನಲ್ಲಿ ಬಂಧಿಸಿದ ಮೇಲೆ ಪೊಲೀಸರಿಗೆ ಚಾರ್ಜ್‌ಶೀಟ್ ಹಾಕಲು 90 ದಿನ. ಅಷ್ಟರಲ್ಲಿ ಹಾಕದಿದ್ದರೆ ಆರೋಪಿ ಅರ್ಜಿ ಕೊಟ್ಟು ಶ್ಯೂರಿಟಿ ಒದಗಿಸಿದರೆ ಸಾಕು, ಬಿಡಲೇಬೇಕು. ಆಗ ಆರೋಪ ಎಷ್ಟು ಕೋಟಿಯದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಅದು ತನಿಖೆ ಮಾಡಿದವರ ಸೋಲು. ಹಾಗೆ ಸಿಕ್ಕಿದ್ದೋ, ಇಲ್ಲ ವಾದ ಕೇಳಿ ಕೊಟ್ಟಿದ್ದೋ? ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಆದೇಶ ಸಿಗುತ್ತದೆ. ಪತ್ರಿಕೆಯ ನಾಲ್ಕು ಸಾಲಿನ ಸುದ್ದಿ ನಂಬಬೇಡಿ, ಆದೇಶ ಓದಿ.

ಕೆಂಗೇರಿಯವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ 'ದುಡ್ಡು ಕಟ್ಟುವ ತನಕ ಬಿಡಬಾರದು' ಅನ್ನುವುದು ಅಷ್ಟು ಸುಲಭವಲ್ಲ. ಜಾಮೀನು ಕೊಡುವ ಕೋರ್ಟು ವಸೂಲಿ ಏಜೆಂಟ್ ಆಗಬಾರದು ಅನ್ನುವುದು 2023ರಲ್ಲಿ ರಮೇಶ್ ಕುಮಾರ್ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನ ತಿರುಳು. ಸಾರ್ವಜನಿಕರ ಹಣ ಹೋಗಿದ್ದು, ಆರೋಪಿಯೇ ತಾನಾಗಿ ಕಟ್ಟುತ್ತೇನೆ ಅಂದರೆ ಅದನ್ನು ಗಮನಿಸಬಹುದು ಅಂತ ಅದೇ ತೀರ್ಪಿನಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಆಮೇಲೆ ಏನಾಯಿತು ಅಂದರೆ, ಇಷ್ಟು ಲಕ್ಷ ಕಟ್ಟುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟು ಹೊರಗೆ ಬಂದು, ಕಟ್ಟದೇ ಕೂತವರು ಬಂದರು. ಅದಕ್ಕೇ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಕೇಸಿನಲ್ಲಿ, ಅಂಥ ಮುಚ್ಚಳಿಕೆ ನೋಡಿ ಜಾಮೀನು ಕೊಡಬೇಡಿ, ಕೇಸಿನ ಹುರುಳು ನೋಡಿ ಕೊಡಿ ಇಲ್ಲವೇ ತಿರಸ್ಕರಿಸಿ ಅಂದಿತು.

ಯಶವಂತಪುರ ಪಿಂಚಣಿದಾರ:
ವಕೀಲರೇ, ಆರ್ಥಿಕ ಅಪರಾಧ ಬೇರೆ ಥರದ್ದು, ಅದರಲ್ಲಿ ಜಾಮೀನು ಸುಲಭಕ್ಕೆ ಕೊಡಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿದೆ ಅಂತ ಓದಿದ್ದೆ. ತಪ್ಪಾ?

ಸಿವಿಲ್ ಕೋರ್ಟ್ ವಕೀಲ:
ತಪ್ಪಲ್ಲ ಸರ್. 2013ರಲ್ಲಿ ಜಗನ್ ಮೋಹನ್ ರೆಡ್ಡಿ ಪ್ರಕರಣದಲ್ಲಿ ಹಾಗೆ ಹೇಳಿದ್ದಾರೆ. ಆರ್ಥಿಕ ಅಪರಾಧವೇ ಒಂದು ಪ್ರತ್ಯೇಕ ವರ್ಗ, ಅದರಲ್ಲಿ ಜಾಮೀನನ್ನು ಬೇರೆ ಕಣ್ಣಿನಿಂದ ನೋಡಬೇಕು ಅಂತ. ಆದರೆ ಅದಕ್ಕೂ ಮೊದಲು 2011ರಲ್ಲಿ 2ಜಿ ಕೇಸಿನ ಸಂಜಯ್ ಚಂದ್ರ ತೀರ್ಪಿನಲ್ಲಿ ಜಾಮೀನು ಕೊಟ್ಟಿದ್ದರು. 2019ರ ಡಿಸೆಂಬರ್‌ನಲ್ಲಿ ಚಿದಂಬರಂ ಕೇಸಿನಲ್ಲಿ, ಆರ್ಥಿಕ ಅಪರಾಧ ಅಂದ ಮಾತ್ರಕ್ಕೆ ಎಲ್ಲ ಕೇಸಿನಲ್ಲೂ ಜಾಮೀನು ನಿರಾಕರಿಸಬೇಕು ಅನ್ನುವ ನಿಯಮ ಇಲ್ಲ ಅಂದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1977ರಲ್ಲೇ ಹಾಕಿದ ದಾರಿ ಇದು: ಜಾಮೀನು ನಿಯಮ, ಜೈಲು ಅಪವಾದ. ಎರಡೂ ಕಡೆಯ ತೀರ್ಪು ನಮ್ಮ ಕೈಯಲ್ಲಿ ಇರುತ್ತದೆ. ಯಾವುದು ನಿಲ್ಲುತ್ತದೆ ಅನ್ನುವುದು ಆ ಕೇಸಿನ ಕಾಗದದ ಮೇಲೆ.

ಇ.ಡಿ. ಬಂದು ಅಕ್ರಮ ಹಣ ವರ್ಗಾವಣೆ ಕಾಯ್ದೆ ಹಾಕಿದ್ದರೆ ಲೆಕ್ಕ ಬೇರೆ. ಅಲ್ಲಿ ಕಲಂ 45ರ ಎರಡು ಷರತ್ತು ದಾಟಬೇಕು: ಆರೋಪಿ ತಪ್ಪಿತಸ್ಥನಲ್ಲ, ಹೊರಗೆ ಬಂದು ಮತ್ತೆ ಅಪರಾಧ ಮಾಡುವುದಿಲ್ಲ ಅಂತ ಕೋರ್ಟಿಗೆ ಅನ್ನಿಸಬೇಕು. ಕಷ್ಟ ಜಾಸ್ತಿ. ಅಲ್ಲಿಯೂ ವಿಚಾರಣೆ ಶುರುವೇ ಆಗದೆ ವರ್ಷಗಟ್ಟಲೆ ಇಟ್ಟುಕೊಳ್ಳುವಂತಿಲ್ಲ. 2024ರ ಆಗಸ್ಟ್‌ನಲ್ಲಿ ಮನೀಶ್ ಸಿಸೋಡಿಯಾಗೆ 17 ತಿಂಗಳ ಮೇಲೆ ಜಾಮೀನು ಕೊಟ್ಟಿದ್ದು ಇದೇ ಕಾರಣಕ್ಕೆ.

ಹೆಸರು ಬೇಡ:
ಇಲ್ಲಿ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಆ ಕಡೆಯವಳು. ನನ್ನ ತಮ್ಮ ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ. ಸಂಬಳ 16 ಸಾವಿರ. ಸಾಲದ ವೋಚರಿನಲ್ಲಿ ತಯಾರಿಸಿದವರು ಅನ್ನುವ ಜಾಗದಲ್ಲಿ ಅವನ ಸಹಿ ಇತ್ತು. ಮೇಲಿನವರು ಹಾಕು ಅಂದರು, ಹಾಕಿದ. ನಿರ್ದೇಶಕರಿಗೆ ನಿರೀಕ್ಷಣಾ ಜಾಮೀನು ಸಿಕ್ಕಿತು. ಇವನು ಏಳು ತಿಂಗಳು ಒಳಗಿದ್ದ. ಶ್ಯೂರಿಟಿಗೆ ಆಸ್ತಿ ಪತ್ರ ಬೇಕು ಅಂದರು. ನಮ್ಮ ಹತ್ತಿರ ಇದ್ದದ್ದು ಬಾಡಿಗೆ ಮನೆ. ಜಾಮೀನು ಆದೇಶ ಆದಮೇಲೂ ಶ್ಯೂರಿಟಿ ಹುಡುಕುವುದಕ್ಕೆ ಹತ್ತೊಂಬತ್ತು ದಿನ ಆಯಿತು. ಹೊರಗೆ ಬಂದಾಗ ಅವನ ಮಗು ಅವನನ್ನು ಗುರುತು ಹಿಡಿಯಲಿಲ್ಲ, ಅಜ್ಜಿಯ ಸೀರೆ ಹಿಂದೆ ಅಡಗಿಕೊಂಡಿತು.

ಮತ್ತಿಕೆರೆಯ ಅಕ್ಕ, ನಿಮ್ಮ ಅಪ್ಪನ ನೋವು ನನಗೆ ಅರ್ಥವಾಗುತ್ತದೆ. ಆದರೆ ಜೈಲಿನಲ್ಲಿ ಕೂರಿಸಿದರೆ ದುಡ್ಡು ಬರುತ್ತದೆ ಅಂತ ಅಂದುಕೊಳ್ಳಬೇಡಿ. ನನ್ನ ತಮ್ಮ ಏಳು ತಿಂಗಳು ಕೂತ. ಆ ಸಂಘದ ಒಬ್ಬ ಠೇವಣಿದಾರರಿಗೂ ಒಂದು ರೂಪಾಯಿ ಬರಲಿಲ್ಲ.

ಕೆಂಗೇರಿ ಉಪನಗರ:
ಅಮ್ಮಾ, ನಿಮ್ಮ ತಮ್ಮನ ವಿಷಯ ಓದಿ ಬೇಜಾರಾಯಿತು. ನಾನು ಬರೆದದ್ದು ಮೇಲಿನವರ ಬಗ್ಗೆ. ಸಹಿ ಮಾಡು ಅಂದವರು ಹೊರಗೆ, ಸಹಿ ಮಾಡಿದವನು ಒಳಗೆ. ನನ್ನ ಸಿಟ್ಟು ಇದರ ಮೇಲೇ.

ಹಳೆ ಗುಮಾಸ್ತ:
ನಾನು ಸಹಕಾರಿ ಬ್ಯಾಂಕಿನಲ್ಲೇ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಬ್ಯಾಂಕ್ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ, ಆದ್ದರಿಂದ ಎಲ್ಲ ಸಹಕಾರಿಯೂ ಕಳ್ಳರ ಸಂತೆ ಅಂತ ಯಾರಾದರೂ ಅಂದರೆ ನನಗೆ ನೋವಾಗುತ್ತದೆ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ರೈತ ಬದುಕಲಿ ಅಂತ. ಅದೇ ನೆಲದಲ್ಲಿ ಈಗ ಇಂಥ ಕೇಸು ಬರುತ್ತಿವೆ ಅನ್ನುವುದು ಬೇರೆ ಸಂಕಟ.

ಹಣ ಹೇಗೆ ಹೋಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಜಾಮೀನಿಗೂ ಅದಕ್ಕೂ ಸಂಬಂಧ ಇದೆ. ತಿಜೋರಿಯಿಂದ ಯಾರೂ ನೋಟು ಹೊತ್ತುಕೊಂಡು ಹೋಗುವುದಿಲ್ಲ. ಸಾಲದ ರೂಪದಲ್ಲಿ ಹೋಗುತ್ತದೆ. ಒಂದೇ ಸೈಟನ್ನು ಮೂರು ಸಾಲಕ್ಕೆ ಅಡಮಾನ ತೋರಿಸುತ್ತಾರೆ. 40 ಲಕ್ಷದ ಸೈಟಿಗೆ ಮೌಲ್ಯಮಾಪನ ಮಾಡುವವನು ಒಂದೂವರೆ ಕೋಟಿ ಅಂತ ಬರೆದುಕೊಡುತ್ತಾನೆ. ಸಾಲಗಾರ ಅಂತ ಹೆಸರಿರುವವನು ಯಾರದ್ದೋ ಡ್ರೈವರ್ ಆಗಿರುತ್ತಾನೆ, ತನ್ನ ಹೆಸರಿನಲ್ಲಿ ಸಾಲ ಇದೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಕಂತು ಕಟ್ಟದೆ ಸಾಲ ಕೆಟ್ಟರೆ ಆಡಿಟ್‌ನಲ್ಲಿ ಸಿಕ್ಕಿಬೀಳಬೇಕಲ್ಲ, ಅದಕ್ಕೆ ಮಾರ್ಚ್ ಕೊನೆಯ ವಾರದಲ್ಲಿ ಹೊಸ ಸಾಲ ಮಂಜೂರು ಮಾಡಿ ಹಳೆಯದನ್ನು ತೀರಿಸುತ್ತಾರೆ. ಏಪ್ರಿಲ್‌ಗೆ ಪುಸ್ತಕ ಕನ್ನಡಿಯ ಹಾಗೆ ಇರುತ್ತದೆ. ಹೀಗೆ ಐದಾರು ವರ್ಷ ತಳ್ಳಬಹುದು. ಎಷ್ಟು ದೊಡ್ಡ ಪ್ರಮಾಣದಲ್ಲಿ ಆಗಬಹುದು ಅನ್ನುವುದಕ್ಕೆ ಮುಂಬಯಿಯ ಪಿಎಂಸಿ ಬ್ಯಾಂಕ್ ನೋಡಿ. ಒಂದೇ ಕಟ್ಟಡ ಕಂಪನಿಯ 44 ಸಾಲದ ಖಾತೆ ಮುಚ್ಚಿಡಲು 21,049 ಸುಳ್ಳು ಖಾತೆ ತೋರಿಸಿದ್ದರು ಅನ್ನುವುದು ಆ ಕೇಸಿನ ಆರೋಪ. 2019ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದಾಗ ಠೇವಣಿದಾರರಿಗೆ ಮೊದಲು ಬಿಟ್ಟಿದ್ದು ಬರೀ 1,000 ರೂಪಾಯಿ. ನಮ್ಮ ಬೆಂಗಳೂರಿನಲ್ಲೇ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿ 10ರಂದು ಆರ್‌ಬಿಐ ನಿರ್ಬಂಧ ಹಾಕಿದಾಗ 35,000ದ ಮಿತಿ ಇತ್ತು. ಗಾಂಧಿಬಜಾರ್ ಸುತ್ತಮುತ್ತಲ ಹಿರಿಯರು ಆ ದಿನ ನಿಂತ ಸಾಲು ನೆನಪಿರುವವರು ಇಲ್ಲಿ ಬಹಳ ಜನ ಇರಬಹುದು.

ಈಗ ಜಾಮೀನಿನ ವಿಷಯ. 'ದಾಖಲೆ ಎಲ್ಲ ವಶಪಡಿಸಿಕೊಂಡಾಗಿದೆ, ಆದ್ದರಿಂದ ಸಾಕ್ಷಿ ಕೆಡಿಸುವ ಭಯ ಇಲ್ಲ.' ಆರೋಪಿಯ ಪರ ವಾದದಲ್ಲಿ ಈ ಮಾತು ಬಂದೇ ಬರುತ್ತದೆ. ಆದರೆ ಯಾವ ದಾಖಲೆ? ಸಾಲದ ಅರ್ಜಿ, ಅಡಮಾನ ಪತ್ರ ಇವು ಪೊಲೀಸರಿಗೆ ಕಣ್ಣಿಗೆ ಕಾಣುತ್ತವೆ. ಯಾವ ದಿನ, ಯಾವ ಲಾಗಿನ್‌ನಿಂದ, ಎಷ್ಟು ಗಂಟೆಗೆ ಎಂಟ್ರಿ ಹಾಕಿದರು ಅನ್ನುವುದು ಕಂಪ್ಯೂಟರಿನಲ್ಲಿದೆ. ಅದರ ಬ್ಯಾಕಪ್ ತೆಗೆದುಕೊಂಡಿದ್ದಾರಾ? ಆಡಳಿತ ಮಂಡಳಿ ಸಭೆಯ ನಡಾವಳಿ ಪುಸ್ತಕ ಸಿಕ್ಕಿದೆಯಾ? ಚಾರ್ಜ್‌ಶೀಟಿನ ಜೊತೆ ಮಹಜರು ಪಟ್ಟಿ, ಅಂದರೆ ಪೊಲೀಸರು ಏನೇನು ವಶಪಡಿಸಿಕೊಂಡರು ಅನ್ನುವ ಪಟ್ಟಿ, ಇರುತ್ತದೆ. ಅದನ್ನು ಸಾಲು ಸಾಲಾಗಿ ಓದಿ ಮಗಳೇ. ಕೆಳಗಿನ ಗುಮಾಸ್ತ ಸುಮ್ನೆ ಸಹಿ ಹಾಕಿದನೋ, ಮೇಲಿನವರು ಹಾಕಿಸಿದರೋ ಅನ್ನುವುದು ಹೊರಬೀಳುವುದೂ ಅಲ್ಲಿಂದಲೇ.

ಮತ್ತಿಕೆರೆ ಮಗಳು:
ಎಲ್ಲರ ಉತ್ತರ ಓದಿದೆ. ಅಪ್ಪನಿಗೂ ಓದಿ ಹೇಳಿದೆ. 'ಹೆಸರು ಬೇಡ' ಅವರೇ, ನೀವು ಬರೆದದ್ದನ್ನು ಓದುವಾಗ ಅಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. 'ಆ ಹುಡುಗನಿಗೆ ಈಗ ಕೆಲಸ ಸಿಕ್ಕಿದೆಯಾ ಕೇಳು' ಅಂದರು.

ಆದೇಶ ಸಿಕ್ಕಿತು. ಹನ್ನೊಂದು ಪುಟ. ವಕೀಲರು ಕೇಳಿದ ಪ್ರಶ್ನೆಗೆ ಉತ್ತರ: ಪೊಲೀಸರು ಸಮಯಕ್ಕೆ ಸರಿಯಾಗಿ 86ನೇ ದಿನ ಚಾರ್ಜ್‌ಶೀಟ್ ಹಾಕಿದ್ದಾರೆ. ಅದರಲ್ಲಿ ಇವರಲ್ಲದೆ ಇನ್ನೂ ಎಂಟು ಆರೋಪಿಗಳು ಇದ್ದಾರೆ. ಆಮೇಲೆ ವಾದ ಕೇಳಿ ಕೊಟ್ಟ ಜಾಮೀನು ಇದು. ಕಾರಣಗಳು ಹೀಗಿವೆ. ಐದು ತಿಂಗಳಿಂದ ಒಳಗಿದ್ದಾರೆ. ತನಿಖೆ ಮುಗಿದಿದೆ. ದಾಖಲೆ ವಶದಲ್ಲಿದೆ. ಸಾಕ್ಷಿಗಳು ಇನ್ನೂರಕ್ಕೂ ಹೆಚ್ಚು ಇರುವುದರಿಂದ ವಿಚಾರಣೆ ಸದ್ಯಕ್ಕೆ ಮುಗಿಯುವುದಿಲ್ಲ. ವಯಸ್ಸು 61, ಸಕ್ಕರೆ ಕಾಯಿಲೆ. ಷರತ್ತು: 5 ಲಕ್ಷದ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರ ಶ್ಯೂರಿಟಿ, ಪಾಸ್‌ಪೋರ್ಟ್ ಒಪ್ಪಿಸಬೇಕು, ಸಾಕ್ಷಿಗಳ ಹತ್ತಿರ ಸುಳಿಯಬಾರದು, ತಿಂಗಳಿಗೆ ಎರಡು ಸಲ ಠಾಣೆಯಲ್ಲಿ ಸಹಿ. ವಕೀಲರು ಹೇಳಿದ ಸಾಲು ಕೊನೆಯ ಪುಟದಲ್ಲಿ ಇತ್ತು. ಅಪ್ಪ ಅದನ್ನು ಎರಡು ಸಲ ಓದಿಸಿದರು.

ನಿಜ ಹೇಳಬೇಕೆಂದರೆ, ಪೂರ್ತಿ ಓದಿದ ಮೇಲೆ ಜಡ್ಜ್ ಮೇಲಿನ ಸಿಟ್ಟು ಇಳಿಯಿತು. ಅವರ ಮುಂದೆ ಇದ್ದದ್ದನ್ನು ನೋಡಿ ಅವರು ಬರೆದಿದ್ದಾರೆ. ನನಗೆ ಚುಚ್ಚಿದ್ದು ನಾಲ್ಕನೇ ಪುಟ. ಸರ್ಕಾರದ ಕಡೆಯ ಆಕ್ಷೇಪಣೆಯನ್ನು ಅಲ್ಲಿ ಬರೆದಿದ್ದಾರೆ. ಒಟ್ಟು ಐದು ಸಾಲು. ಅಪರಾಧ ಗಂಭೀರ, ಸಾಕ್ಷಿ ನಾಶ ಮಾಡಬಹುದು, ತಲೆಮರೆಸಿಕೊಳ್ಳಬಹುದು, ಆದ್ದರಿಂದ ಜಾಮೀನು ಬೇಡ. ಯಾವ ಕೇಸಿಗೆ ಬೇಕಾದರೂ ಅಂಟಿಸಬಹುದಾದ ಸಾಲು. ಆಸ್ತಿಯ ವಿಷಯ ಒಂದಕ್ಷರ ಇಲ್ಲ. ನಮ್ಮ ಠೇವಣಿದಾರರ ಗುಂಪಿನಲ್ಲಿ ಒಬ್ಬರು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿದ್ದರು. ಆರ್‌ಬಿಐ ನಿರ್ಬಂಧ ಬರುವುದಕ್ಕೆ ಐದು ವಾರ ಮೊದಲು ಮ್ಯಾನೇಜರ್ ಹೆಸರಿನ ಒಂದು ಸೈಟು ಹತ್ತಿರದ ನೆಂಟರೊಬ್ಬರ ಹೆಸರಿಗೆ ದಾನಪತ್ರ ಆಗಿದೆ. ಅದಕ್ಕೆ ಸರಿಯಾದ ಕಾರಣ ಇರಬಹುದು, ಇಲ್ಲದೇ ಇರಬಹುದು. ಆದರೆ ಆ ಕಾಗದ ಕೋರ್ಟಿನ ಮುಂದೆ ಬರಲೇ ಇಲ್ಲ. ನಮ್ಮ ಗುಂಪಿನ ವಾಟ್ಸಾಪಿನಲ್ಲಿ ಆರು ತಿಂಗಳಿಂದ ಓಡಾಡುತ್ತಿತ್ತು. ಅದರ ಕೆಳಗೆ ಎಲ್ಲರೂ ಸಿಟ್ಟಿನ ಚಿಹ್ನೆ ಹಾಕಿದ್ದೇವೆ. ಸರ್ಕಾರಿ ವಕೀಲರ (ಪಿಪಿ) ಕೈಗೆ ಕೊಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಸಿವಿಲ್ ಕೋರ್ಟ್ ವಕೀಲ:
ಮೇಡಂ, ಬಹಳ ಕೇಸುಗಳಲ್ಲಿ ಆಗುವುದು ಹೀಗೇ. ಪಿಪಿ ಮುಂದೆ ದಿನಕ್ಕೆ ಮೂವತ್ತು ನಲವತ್ತು ಕಡತ ಇರುತ್ತವೆ. ತನಿಖಾಧಿಕಾರಿ ಕೊಟ್ಟಷ್ಟೇ ಅವರ ಕೈಗೆ ಬರುತ್ತದೆ. ಠೇವಣಿದಾರರು ಕೋರ್ಟ್ ಹೊರಗೆ ನಿಂತು ಘೋಷಣೆ ಕೂಗುತ್ತಾರೆ, ಒಳಗೆ ಅವರ ಪರವಾಗಿ ಒಂದು ಮೆಮೋ ಕೂಡ ಇರುವುದಿಲ್ಲ.

ನಿಮಗೆ ಒಳಗೆ ಮಾತಾಡುವ ಹಕ್ಕು ಇದೆ. 2022ರ ಏಪ್ರಿಲ್‌ನಲ್ಲಿ ಲಖಿಂಪುರ ಖೇರಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ತನಿಖೆಯಿಂದ ಹಿಡಿದು ಕೊನೆಯ ಮೇಲ್ಮನವಿಯವರೆಗೆ ಎಲ್ಲ ಹಂತದಲ್ಲೂ ನೊಂದವರ ಮಾತು ಕೇಳಬೇಕು, ಜಾಮೀನಿನಲ್ಲೂ ಕೇಳಬೇಕು. ಆ ಕೇಸಿನಲ್ಲಿ ನೊಂದವರ ಮಾತು ಸರಿಯಾಗಿ ಕೇಳದೆ ಕೊಟ್ಟ ಜಾಮೀನನ್ನು ರದ್ದು ಮಾಡಿದ್ದರು. ದುಡ್ಡು ಕಳೆದುಕೊಂಡವರೂ ನೊಂದವರೇ. ಚಾರ್ಜ್‌ಶೀಟಿನಲ್ಲಿ ಇನ್ನೂ ಎಂಟು ಆರೋಪಿಗಳು ಇದ್ದಾರೆ ಅಂದಿರಿ, ನಿರ್ದೇಶಕರದೂ ಅರ್ಜಿ ಬರುತ್ತದೆ. ಈ ಸಲ ನಿಮ್ಮ ಅರ್ಜಿ ಮೊದಲೇ ಕಡತದಲ್ಲಿ ಇರಲಿ.

ಈ ಮ್ಯಾನೇಜರ್ ಜಾಮೀನನ್ನು ಪ್ರಶ್ನಿಸಬೇಕಾ? ಹೈಕೋರ್ಟಿಗೆ ಹೋಗಬಹುದು. ಆದರೆ ಎರಡು ಬೇರೆ ಬೇರೆ ದಾರಿ, ಒಂದಕ್ಕೊಂದು ಸೇರಿಸಬೇಡಿ. ಆದೇಶವೇ ತಪ್ಪು, ನೋಡಬೇಕಾದ್ದನ್ನು ನೋಡದೆ ಕೊಟ್ಟಿದ್ದಾರೆ ಅನ್ನುವುದು ಒಂದು. ಹೊರಗೆ ಬಂದಮೇಲೆ ಷರತ್ತು ಮುರಿದರು, ಸಾಕ್ಷಿಗೆ ಹೆದರಿಸಿದರು ಅನ್ನುವುದು ಇನ್ನೊಂದು. ನೀವು ಬರೆದ ಆದೇಶದಲ್ಲಿ ಕಾರಣಗಳು ಇವೆ, ಹಾಗಾಗಿ ಮೊದಲನೆಯದು ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಅದಕ್ಕೆ ದುಡ್ಡು, ಸಮಯ ಸುರಿಯಬೇಡಿ.

ದಾನಪತ್ರದ ಹಿಂದೆ ಹೋಗಿ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ಕೋರ್ಟಿನಲ್ಲಿ ಎಲ್ಲರೂ ಕೆಪಿಐಡಿ ಅಂತಾರೆ. ಆ ಕಾಯ್ದೆಯಲ್ಲಿ ಸರ್ಕಾರ ಸಕ್ಷಮ ಪ್ರಾಧಿಕಾರ ಅಂತ ಒಬ್ಬ ಅಧಿಕಾರಿಯನ್ನು ನೇಮಿಸುತ್ತದೆ. ಠೇವಣಿ ದುಡ್ಡಿನಿಂದ ಕೊಂಡ ಆಸ್ತಿ ಬೇರೆಯವರ ಹೆಸರಿನಲ್ಲಿದ್ದರೂ ಮುಟ್ಟುಗೋಲು ಹಾಕಬಹುದು. ಆಮೇಲೆ ವಿಶೇಷ ಕೋರ್ಟು ಅದನ್ನು ಕಾಯಂ ಮಾಡಬೇಕು, ಮಾರಿ ಹಂಚಬೇಕು. ನಿಧಾನ, ಒಪ್ಪುತ್ತೇನೆ. ಆದರೆ ನಿಮ್ಮ ತಂದೆಯವರ 9 ಲಕ್ಷಕ್ಕೆ ದಾರಿ ಇರುವುದು ಆ ಕಡೆ. ಮ್ಯಾನೇಜರ್ ಯಾವ ಮನೆಯಲ್ಲಿ ಮಲಗುತ್ತಾರೆ ಅನ್ನುವುದರಲ್ಲಿ ಅಲ್ಲ.

ಯಶವಂತಪುರ ಪಿಂಚಣಿದಾರ:
ಒಂದು ಸಣ್ಣ ಪ್ರಶ್ನೆ. ಆಸ್ತಿ ಮಾರಿ ಬಂದ ದುಡ್ಡು ನೇರ ನಮಗೇ ಬರುತ್ತದಾ? ನನ್ನದು ಬೇರೆ ಬ್ಯಾಂಕ್, ಆದರೆ ನನಗೂ 5 ಲಕ್ಷದ ಮೇಲೆ ಬಾಕಿ ಇದೆ.

ಹಳೆ ಗುಮಾಸ್ತ:
ಸರ್, ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಠೇವಣಿ ವಿಮಾ ನಿಗಮ ನಿಮಗೆ 5 ಲಕ್ಷದವರೆಗೆ ಕೊಟ್ಟಿತಲ್ಲ, ಅದು ದಾನ ಅಲ್ಲ. ಬ್ಯಾಂಕ್ ಸಾಲ ವಸೂಲು ಮಾಡಿದಾಗ, ಇಲ್ಲವೇ ಬಾಗಿಲು ಮುಚ್ಚಿ ಲಿಕ್ವಿಡೇಟರ್ ಆಸ್ತಿ ಮಾರಿದಾಗ, ನಿಗಮ ತಾನು ಕೊಟ್ಟದ್ದನ್ನು ಬ್ಯಾಂಕಿನಿಂದ ವಾಪಸು ಪಡೆಯುತ್ತದೆ. ಉಳಿದದ್ದು ನಿಮ್ಮಂಥವರಿಗೆ. ಆದ್ದರಿಂದ ವಸೂಲಿ ದೊಡ್ಡದಾಗಿ ಆದರೆ ಮಾತ್ರ ನಿಮ್ಮ ಪಾಲು ಬರುತ್ತದೆ. ಸಾಲಗಾರರ ಮೇಲೆ ವಸೂಲಿ ದಾವೆ ಎಷ್ಟು ಹಾಕಿದ್ದಾರೆ, ಎಷ್ಟು ತೀರ್ಮಾನ ಆಗಿದೆ ಅಂತ ಬ್ಯಾಂಕಿನ ಆಡಳಿತಾಧಿಕಾರಿಯನ್ನು ಲಿಖಿತವಾಗಿ ಕೇಳಿ.

ಈ ವಿಮೆಯ ಮಿತಿ 1993ರಿಂದ 1 ಲಕ್ಷವೇ ಇತ್ತು. 2020ರ ಫೆಬ್ರವರಿ 4ರಿಂದ 5 ಲಕ್ಷ ಆಯಿತು. 2021ರಲ್ಲಿ ಕಾಯ್ದೆ ತಿದ್ದಿದ ಮೇಲೆ ನಿರ್ಬಂಧ ಬಿದ್ದ 90 ದಿನದೊಳಗೆ ಕೊಡಬೇಕು ಅಂತ ಆಯಿತು. ಮೊದಲು ಬ್ಯಾಂಕ್ ಮುಚ್ಚುವ ತನಕ ಕಾಯಬೇಕಿತ್ತು, ಅಷ್ಟರಲ್ಲಿ ಎಷ್ಟೋ ಹಿರಿಯರು ಹೋಗಿಬಿಡುತ್ತಿದ್ದರು. ಅಸಲು ಬಡ್ಡಿ ಸೇರಿಯೇ 5 ಲಕ್ಷ ಅನ್ನುವುದು ನೆನಪಿರಲಿ. ಒಂದೇ ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿ ಎಷ್ಟು ಎಫ್‌ಡಿ ಇದ್ದರೂ ಎಲ್ಲ ಸೇರಿ ಒಂದೇ. ಬೇರೆ ಶಾಖೆ ಆದರೂ ಅಷ್ಟೇ. ಇನ್ನೊಂದು ಮಾತು, ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಈ ವಿಮೆ ಇರುವುದು ಬ್ಯಾಂಕಿಗೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವುಗಳ ಠೇವಣಿಗೆ ಇಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ ಎಲ್ಲ ಬ್ಯಾಂಕಿನ ಹಾಗೇ ಕಾಣುತ್ತವೆ. ಜನ ಅಲ್ಲೇ ಮೋಸ ಹೋಗುವುದು.

ಕೆಂಗೇರಿ ಉಪನಗರ:
ಅತ್ತೆಯದು ಸೌಹಾರ್ದ. ಅದಕ್ಕೇ ಒಂದು ಪೈಸೆ ಬರಲಿಲ್ಲ, ಈಗ ಅರ್ಥವಾಯಿತು. ಅವರೂ ಕೆಪಿಐಡಿಯಲ್ಲಿ ದೂರು ಕೊಡಬಹುದಾ?

ಸಿವಿಲ್ ಕೋರ್ಟ್ ವಕೀಲ:
ಕೊಡಬಹುದು. ಸರ್ಕಾರದ ಒಡೆತನ ಅಥವಾ ಹಿಡಿತದಲ್ಲಿರುವ ಸಹಕಾರ ಸಂಘ ಆ ಕಾಯ್ದೆಯ ಹೊರಗೆ. ಖಾಸಗಿಯಾಗಿ ನಡೆಯುವವು ಒಳಗೆ ಬರುತ್ತವೆ. ಠೇವಣಿ ರಸೀದಿಯ ನಕಲು ಇಟ್ಟುಕೊಂಡು ಮೊದಲು ಠಾಣೆಗೆ ಹೋಗಿ.

ಹೆಸರು ಬೇಡ:
ಮತ್ತಿಕೆರೆಯ ಅಪ್ಪಾಜಿಗೆ ಹೇಳಿ, ತಮ್ಮ ಈಗ ಒಂದು ಔಷಧಿ ಅಂಗಡಿಯಲ್ಲಿ ಬಿಲ್ಲಿಂಗ್ ಕೂರುತ್ತಾನೆ. ಪ್ರತಿ ವಿಚಾರಣೆಗೆ ತಪ್ಪದೆ ಹೋಗುತ್ತಾನೆ. ಲಾಗಿನ್ ವಿಷಯ ಹಳೆ ಗುಮಾಸ್ತರು ಬರೆದದ್ದನ್ನು ಅವನಿಗೆ ತೋರಿಸಿದೆ. ಆ ಸಂಘದ ಮ್ಯಾನೇಜರ್ ಇವನ ಪಾಸ್‌ವರ್ಡ್ ಕೇಳಿ ಚೀಟಿಯಲ್ಲಿ ಬರೆಸಿಕೊಂಡಿದ್ದ ದಿನ ಅವನಿಗೆ ಚೆನ್ನಾಗಿ ನೆನಪಿದೆ. ಬ್ಯಾಕಪ್ ತರಿಸಲು ಅವನ ವಕೀಲರೇ ಈಗ ಅರ್ಜಿ ಹಾಕುತ್ತಿದ್ದಾರೆ.

ಮತ್ತಿಕೆರೆ ಮಗಳು:
ಎಂಟು ದಿನ ಆಯಿತು, ಆದದ್ದನ್ನು ತಿಳಿಸುತ್ತೇನೆ. ನಾವು 23 ಜನ ಸೇರಿ ಒಬ್ಬ ವಕೀಲರನ್ನು ಗೊತ್ತು ಮಾಡಿಕೊಂಡೆವು. ತಲೆಗೆ 1,500 ರೂಪಾಯಿ. ಮುಂದಿನ ಜಾಮೀನು ಅರ್ಜಿಗಳಲ್ಲಿ ನಮ್ಮ ಮಾತೂ ಕೇಳಬೇಕು ಅಂತ ಅರ್ಜಿ ಹಾಕಿದ್ದಾರೆ. ಇಸಿ, ದಾನಪತ್ರದ ದೃಢೀಕೃತ ನಕಲು ಎರಡನ್ನೂ ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಅವರು ಕಾಗದ ತಿರುಗಿಸಿ ನೋಡಿ, 'ಇದನ್ನ ಮೊದಲೇ ಕೊಡಬೇಕಿತ್ತು ಮೇಡಂ' ಅಂದರು. ತಪ್ಪು ನಮ್ಮದೂ ಇತ್ತು, ಸುಮ್ಮನಿದ್ದೆ. ಮಹಜರು ಪಟ್ಟಿಯಲ್ಲಿ ನಡಾವಳಿ ಪುಸ್ತಕ ಇದೆ, ಕಂಪ್ಯೂಟರ್ ಬ್ಯಾಕಪ್ ಇಲ್ಲ. ಅದನ್ನೂ ಬರೆದುಕೊಟ್ಟಿದ್ದೇವೆ.

ಮೊನ್ನೆ ಭಾನುವಾರ ಮಾರ್ಕೆಟ್ಟಿನಲ್ಲಿ ಅಪ್ಪನಿಗೆ ಮ್ಯಾನೇಜರ್ ಎದುರಾದರಂತೆ. ಸೊಪ್ಪಿನ ಗಾಡಿ ಹತ್ತಿರ. ಬಹಳ ಇಳಿದುಹೋಗಿದ್ದಾರಂತೆ. ಅವರು ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ಅಪ್ಪನೂ ಮಾತಾಡಿಸಲಿಲ್ಲ. ಮನೆಗೆ ಬಂದು ನನಗೆ ಇಷ್ಟೇ ಹೇಳಿದರು: 'ಕೋರ್ಟಲ್ಲಿ ಹೇಳಬೇಕಾದ್ದು ದಾರೀಲಿ ಯಾಕೆ ಹೇಳಲಿ?' ಆಮೇಲೆ ಕೂತು ತಮ್ಮ ಹೇಳಿಕೆಯನ್ನು ತಾವೇ ಬರೆದರು. ಯಾವ ವರ್ಷ ಎಷ್ಟು ಇಟ್ಟೆ, ಯಾರು ರಸೀದಿ ಕೊಟ್ಟರು, ಯಾವ ದಿನ ಕೇಳಿದಾಗ 'ಮುಂದಿನ ವಾರ ಬನ್ನಿ' ಅಂದರು. ಎರಡೂವರೆ ಪುಟ, ಕಾರ್ಖಾನೆಯ ಲಾಗ್‌ಬುಕ್ಕಿನ ಹಾಗೆ ಸಾಲು ಬಿಟ್ಟು ಬರೆದಿದ್ದಾರೆ.

ಸಕ್ಷಮ ಪ್ರಾಧಿಕಾರದ ಕಚೇರಿಯಲ್ಲಿ ಗುರುವಾರ 11 ಗಂಟೆಗೆ ಸಮಯ ಕೊಟ್ಟಿದ್ದಾರೆ. ನಮ್ಮ ಬ್ಯಾಂಕಿನ ಠೇವಣಿದಾರರು ಇಲ್ಲಿ ಯಾರಾದರೂ ಓದುತ್ತಿದ್ದರೆ, 9.30ಕ್ಕೆ ಯಶವಂತಪುರ ಮೆಟ್ರೋ ಬಾಗಿಲಲ್ಲಿ ಸಿಗೋಣ. ಮೂಲ ರಸೀದಿ ತರಬೇಡಿ, ಜೆರಾಕ್ಸ್ ಎರಡು ಸೆಟ್ ಸಾಕು. ಅಪ್ಪನಿಗೂ ಅದನ್ನೇ ಹೇಳಿದ್ದೇನೆ. ಆದರೂ ಹಾಲಿನ ಕವರ್ ತರುತ್ತಾರೆ, ನನಗೆ ಗೊತ್ತು.